ಎಂಟರ್ ಒತ್ತುವ ಬೆರಳು ಯಾರದ್ದು? ಎಐ ಟರ್ಮಿನಲ್‌ಗೆ ಬದಲಾಗುವ ಮುಂಚೆ

"ಅಣ್ಣಾ, ನಾನು ಎಐ ಇರುವ ಟರ್ಮಿನಲ್ ಹಾಕಿಕೊಳ್ಳಲಾ? ನನ್ನ ಕ್ಲಾಸ್‌ಮೇಟ್ಸ್ ಎಲ್ಲ ಅದಕ್ಕೇ ಹೋಗಿದ್ದಾರೆ."

ಮಂಗಳೂರಿನ ಬಿಜೈಯಲ್ಲಿರುವ ನಮ್ಮ ಚಿಕ್ಕ ಸಾಫ್ಟ್‌ವೇರ್ ಆಫೀಸಿಗೆ ಹೊಸದಾಗಿ ಸೇರಿದ ಹುಡುಗ ಎರಡನೇ ವಾರದಲ್ಲೇ ಹೀಗೆ ಕೇಳಿದ. ಹೂಂ ಅಂತಲೋ ಬೇಡ ಅಂತಲೋ ಒಂದೇ ಮಾತಿನಲ್ಲಿ ಹೇಳಲು ನನಗೆ ಆಗಲಿಲ್ಲ. ಅವನು ಕೇಳಿದ್ದು ಒಂದು ಪ್ರಶ್ನೆ, ಅದರೊಳಗೆ ಇದ್ದದ್ದು ಮೂರು. ಟರ್ಮಿನಲ್ ಬದಲಿಸಬೇಕಾ? ಕಮಾಂಡ್ ಬರೆಯಲು ಎಐ ಸಹಾಯ ಪಡೆಯಬೇಕಾ? ಆ ಎಐ ತಾನೇ ಕಮಾಂಡ್ ಓಡಿಸಲು ಬಿಡಬೇಕಾ? ಮೂರನ್ನೂ ಒಂದೇ ಗಂಟು ಮಾಡಿ ಮಾತಾಡುವುದರಿಂದಲೇ ಈ ವಿಷಯದಲ್ಲಿ ಇಷ್ಟು ಗೊಂದಲ. ಬಿಡಿಸಿ ನೋಡೋಣ.

ಮೊದಲು ಟರ್ಮಿನಲ್ ಅಂದರೆ ಏನು ಅಂತ ಸ್ಪಷ್ಟ ಮಾಡಿಕೊಳ್ಳಬೇಕು. ಕಂಪ್ಯೂಟರಿಗೆ ಅಪ್ಪಣೆಗಳನ್ನು, ಅಂದರೆ ಕಮಾಂಡ್‌ಗಳನ್ನು, ಟೈಪ್ ಮಾಡಿ ಕೊಡುವ ಕಿಟಕಿ ಅದು. ವರ್ಷಗಟ್ಟಲೆ ಬಳಸಿದವರೂ ಟರ್ಮಿನಲ್ ಮತ್ತು ಶೆಲ್ ಎರಡೂ ಒಂದೇ ಅಂದುಕೊಂಡಿರುತ್ತಾರೆ. ಉಡುಪಿಯ ಒಂದು ಹೋಟೆಲಿಗೆ ಹೋಗಿ ಕೂತಿದ್ದೀರಿ ಅಂತಿಟ್ಟುಕೊಳ್ಳಿ. ಸಪ್ಲೈಯರ್ ಬಂದು ನಿಲ್ಲುತ್ತಾನೆ. "ಒಂದು ಮಸಾಲೆ, ಒಂದು ಕಾಫಿ" ಅನ್ನುತ್ತೀರಿ. ಅವನು ಒಳಗೆ ಹೇಳುತ್ತಾನೆ, ಅಡುಗೆಮನೆಯಲ್ಲಿ ಭಟ್ರು ದೋಸೆ ಹೊಯ್ಯುತ್ತಾರೆ, ತಟ್ಟೆ ನಿಮ್ಮ ಮುಂದೆ ಬರುತ್ತದೆ. ಇಲ್ಲಿ ಟರ್ಮಿನಲ್ ಅನ್ನುವುದು ನೀವು ಕೂತ ಟೇಬಲ್ ಮಾತ್ರ. ನಿಮ್ಮ ಮಾತು ಹೊರಡುವುದು ಅಲ್ಲಿಂದ, ತಟ್ಟೆ ಬಂದು ಕೂರುವುದೂ ಅಲ್ಲಿ. ನಿಮ್ಮ ಮಾತನ್ನು ಅರ್ಥ ಮಾಡಿಕೊಳ್ಳುವ ಸಪ್ಲೈಯರ್ ಶೆಲ್. ಬ್ಯಾಶ್, ಜೀಶೆಲ್, ಫಿಶ್ ಎಲ್ಲ ಸಪ್ಲೈಯರುಗಳು. ನಿಜವಾಗಿ ಕೆಲಸ ಮಾಡುವ ಪ್ರೋಗ್ರಾಂಗಳು, ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್, ಡಾಕರ್, ಪೈಥಾನ್ ಎಲ್ಲ ಅಡುಗೆಮನೆಯಲ್ಲಿದ್ದಾರೆ.

ಟೇಬಲ್ ಬದಲಿಸಿದರೆ ದೋಸೆಯ ರುಚಿ ಬದಲಾಗುವುದಿಲ್ಲ, ಅಲ್ವಾ? ಹೊಸ ಟರ್ಮಿನಲ್ ಹಾಕಿದರೆ ನಿಮ್ಮ ಗಿಟ್ ವೇಗವಾಗುವುದಿಲ್ಲ. ನಿಮ್ಮ ಅಲಿಯಾಸ್ (ಕಮಾಂಡಿಗೆ ನೀವಿಟ್ಟ ಅಡ್ಡಹೆಸರು), ನಿಮ್ಮ ಸ್ಕ್ರಿಪ್ಟ್‌ಗಳು ಶೆಲ್‌ಗೆ ಸೇರಿದವು, ಹೆಚ್ಚು ಕಮ್ಮಿ ಹಾಗೆಯೇ ಉಳಿಯುತ್ತವೆ. ಹಾಗಾಗಿ ಬದಲಾಯಿಸಲು ಹೆದರಬೇಕಾಗಿಲ್ಲ. ಅದೇ ಕಾರಣಕ್ಕೆ, ಬದಲಾಯಿಸಿದ ಮಾತ್ರಕ್ಕೆ ದೊಡ್ಡದೇನೋ ಆಗುತ್ತದೆ ಅಂತಲೂ ಅಂದುಕೊಳ್ಳಬೇಡಿ.

ಈ ಟೇಬಲ್ ಬಹಳ ಹಳೆಯದು. 1963ರಲ್ಲಿ ಬಂದ ಟೆಲಿಟೈಪ್ ಮಾಡೆಲ್ 33 ಕಾಗದದ ಸುರುಳಿಯ ಮೇಲೆ ಅಕ್ಷರ ಕುಟ್ಟುವ ಯಂತ್ರ. ಲಿನಕ್ಸ್‌ನಲ್ಲಿ ಇವತ್ತೂ ಕಾಣುವ ‘ಟಿಟಿವೈ’ ಎಂಬ ಹೆಸರು ಟೆಲಿಟೈಪ್ ಅನ್ನುವುದರಿಂದಲೇ ಬಂದದ್ದು. 1978ರಲ್ಲಿ ಡೆಕ್ ಕಂಪನಿಯ ವಿಟಿ100 ಎಂಬ ಪರದೆ ಇರುವ ಟರ್ಮಿನಲ್ ಬಂತು. 80 ಅಂಕಣ, 24 ಸಾಲು, ಒಂದು ಚೌಕಕ್ಕೆ ಒಂದು ಅಕ್ಷರ. ಇವತ್ತು ನಿಮ್ಮ ಲ್ಯಾಪ್‌ಟಾಪಿನಲ್ಲಿ ತೆರೆದುಕೊಳ್ಳುವ ಕಪ್ಪು ಕಿಟಕಿ ಒಳಗೊಳಗೆ ಆ ಯಂತ್ರದ ಹಾಗೆಯೇ ನಡೆದುಕೊಳ್ಳುತ್ತಿದೆ. ಅದಕ್ಕೇ ಅದನ್ನು ಟರ್ಮಿನಲ್ ಎಮ್ಯುಲೇಟರ್ ಅನ್ನುವುದು. ಸಪ್ಲೈಯರುಗಳೂ ಹಳಬರೇ: ಬ್ಯಾಶ್ ಬಂದದ್ದು 1989ರಲ್ಲಿ, ಜೀಶೆಲ್ 1990ರಲ್ಲಿ.

ಕಳೆದ ಕೆಲವು ವರ್ಷಗಳಲ್ಲಿ ಈ ಟೇಬಲ್‌ಗೆ ಎರಡು ರೀತಿಯ ಸುಧಾರಣೆ ಆಯಿತು. ಮೊದಲನೆಯದಕ್ಕೂ ಎಐಗೂ ಸಂಬಂಧವೇ ಇಲ್ಲ. ಅಲಾಕ್ರಿಟಿ, ಕಿಟ್ಟಿ, 2024ರ ಡಿಸೆಂಬರ್‌ನಲ್ಲಿ ಬಂದ ಘೋಸ್ಟಿ, ಈ ಟರ್ಮಿನಲ್‌ಗಳೆಲ್ಲ ಗ್ರಾಫಿಕ್ಸ್ ಚಿಪ್ ಬಳಸಿ ಅಕ್ಷರಗಳನ್ನು ಬೇಗ ಬಿಡಿಸುತ್ತವೆ. ಕಿಟ್ಟಿಯನ್ನು ಬರೆದವರು ಕೋವಿದ್ ಗೋಯಲ್. ಇ-ಬುಕ್ ಓದುವವರಿಗೆ ಗೊತ್ತಿರುವ ಕ್ಯಾಲಿಬರ್ ಕೂಡ ಅವರದ್ದೇ. ಇನ್ನೊಂದು ಸುಧಾರಣೆ ಎಐ ಒಳಗೇ ಇರುವ ವಾರ್ಪ್‌ನಂಥ ಟರ್ಮಿನಲ್‌ಗಳದ್ದು. ವಾರ್ಪ್ 2022ರಲ್ಲಿ ಮೊದಲು ಮ್ಯಾಕ್‌ಗೆ, 2024ರಲ್ಲಿ ಲಿನಕ್ಸ್‌ಗೆ, 2025ರಲ್ಲಿ ವಿಂಡೋಸ್‌ಗೆ ಬಂತು. ಅದರಲ್ಲಿ ನನಗೆ ನಿಜಕ್ಕೂ ಹಿಡಿಸಿದ್ದು ಎಐ ಅಲ್ಲ, ‘ಬ್ಲಾಕ್’. ಒಂದು ಕಮಾಂಡ್ ಮತ್ತು ಅದರ ಫಲಿತಾಂಶ ಸೇರಿ ಒಂದು ಪೆಟ್ಟಿಗೆಯ ಹಾಗೆ ಕಾಣುತ್ತದೆ. ಎರಡು ಸಾವಿರ ಸಾಲಿನ ಬಿಲ್ಡ್ ಎರರ್ ಬಂದಾಗ, ಇದು ಎಲ್ಲಿಂದ ಶುರುವಾಯಿತು ಅಂತ ಮೇಲೆ ಮೇಲೆ ಸ್ಕ್ರಾಲ್ ಮಾಡುತ್ತಾ ಕಣ್ಣು ನೋಯಿಸಿಕೊಳ್ಳುವ ಕೆಲಸ ಇಲ್ಲ. ಟೈಪ್ ಮಾಡಿದ ಉದ್ದದ ಕಮಾಂಡಿನ ನಡುವೆ ಮೌಸ್ ಕ್ಲಿಕ್ ಮಾಡಿ ತಿದ್ದಬಹುದು. ಸಣ್ಣ ವಿಷಯ ಅನ್ನಿಸಬಹುದು, ಆದರೆ ದಿನಕ್ಕೆ ನೂರು ಸಲ ಮಾಡುವ ಕೆಲಸದಲ್ಲಿ ಸಣ್ಣದು ಅಂತ ಯಾವುದೂ ಇಲ್ಲ.

ಈಗ ಎಐಗೆ ಬರೋಣ. ಅದು ನಿಮ್ಮ ಟೇಬಲ್‌ನಲ್ಲಿ ಪಕ್ಕಕ್ಕೆ ಬಂದು ಕೂತ ಒಬ್ಬ ಜಾಣ ಜೊತೆಗಾರ. ನಿಮಗೆ ಏನು ಬೇಕು ಅಂತ ಅವನಿಗೆ ಹೇಳುತ್ತೀರಿ, ಸಪ್ಲೈಯರ್‌ಗೆ ಅರ್ಥವಾಗುವ ಮಾತಿನಲ್ಲಿ ಅವನು ಹೇಳಿಕೊಡುತ್ತಾನೆ. ಒಳಗೆ ನಡೆಯುವುದು ಇಷ್ಟು: ನಿಮ್ಮ ಪ್ರಶ್ನೆ, ನೀವಿರುವ ಫೋಲ್ಡರ್, ಯಾವ ಆಪರೇಟಿಂಗ್ ಸಿಸ್ಟಂ, ಹಿಂದಿನ ಕಮಾಂಡಿಗೆ ಬಂದ ಎರರ್, ಹೀಗೆ ಒಂದಷ್ಟು ಮಾಹಿತಿ ಒಟ್ಟಾಗಿ ಇಂಟರ್ನೆಟ್ ಮೂಲಕ ದೂರದ ಒಂದು ಸರ್ವರ್‌ಗೆ ಹೋಗುತ್ತದೆ. ಅಲ್ಲಿರುವ ಭಾಷಾ ಮಾಡೆಲ್ ಒಂದು ಕಮಾಂಡನ್ನು ಪಠ್ಯವಾಗಿ ಕಳಿಸುತ್ತದೆ. ‘ಏಜೆಂಟ್’ ಅನ್ನುವುದು ಇದರ ಮುಂದಿನ ಹಂತ. ಕಮಾಂಡ್ ಓಡಿಸುತ್ತದೆ, ಬಂದ ಫಲಿತಾಂಶ ಓದುತ್ತದೆ, ಮುಂದಿನ ಕಮಾಂಡ್ ಏನು ಅಂತ ತಾನೇ ತೀರ್ಮಾನಿಸುತ್ತದೆ, ಕೆಲಸ ಮುಗಿಯುವವರೆಗೆ ಹೀಗೇ ಸುತ್ತುತ್ತದೆ. ಪ್ರತಿ ಸಲ ನಿಮ್ಮ ಅನುಮತಿ ಕೇಳಬೇಕೋ ಬೇಡವೋ ಅನ್ನುವುದು ಸೆಟ್ಟಿಂಗ್‌ನಲ್ಲಿರುತ್ತದೆ.

ಈ ಜೊತೆಗಾರ ಹೊಸ ಟೇಬಲ್‌ಗೆ ಮಾತ್ರ ಬರುತ್ತಾನೆ ಅಂತೇನಿಲ್ಲ. ಇದು ಬಹಳ ಜನರಿಗೆ ತಪ್ಪಿಹೋಗುವ ಅಂಶ. ಕ್ಲಾಡ್ ಕೋಡ್, ಕೋಡೆಕ್ಸ್ ಸಿಎಲ್‌ಐ, ಜೆಮಿನಿ ಸಿಎಲ್‌ಐ, ಮೂರೂ 2025ರಲ್ಲಿ ಬಂದವು. ಮೂರೂ ಏಜೆಂಟ್‌ಗಳೇ, ಆದರೆ ಸಾಮಾನ್ಯ ಪ್ರೋಗ್ರಾಂಗಳು. ನಿಮ್ಮ ಹಳೆಯ ಟರ್ಮಿನಲ್ ಯಾವುದೇ ಇರಲಿ, ಅದರೊಳಗೇ ಓಡುತ್ತವೆ. ಹಾಗಾಗಿ ‘ಎಐ ಬೇಕಾದರೆ ಟರ್ಮಿನಲ್ ಬದಲಿಸಬೇಕು’ ಅನ್ನುವುದು ಸರಿಯಲ್ಲ. ಟರ್ಮಿನಲ್ ಬದಲಿಸುವುದಾದರೆ ಬ್ಲಾಕ್‌ಗಾಗಿ, ವೇಗಕ್ಕಾಗಿ, ಕಣ್ಣಿಗೆ ಹಿತ ಅನ್ನುವುದಕ್ಕಾಗಿ ಬದಲಿಸಿ.

ಆ ಹುಡುಗನಿಗೆ ನಾನು "ಎರಡು ವಾರ ಹಾಕಿ ನೋಡು ಮಾರಾಯ" ಅಂದೆ. ಹತ್ತನೇ ದಿನವೋ ಏನೋ, ಜುಲೈ ತಿಂಗಳ ಒಂದು ಸಂಜೆ, ಹೊರಗೆ ಮಳೆ ಹೊಯ್ಯುತ್ತಿದೆ, ನಮ್ಮ ಒಬ್ಬ ಕ್ಲೈಂಟಿನ ಸರ್ವರ್‌ನಲ್ಲಿ ಡಿಸ್ಕ್ ತುಂಬಿಹೋಯಿತು. ಹೋಟೆಲಿನ ಬಿಲ್ಲಿಂಗ್ ಸಾಫ್ಟ್‌ವೇರ್ ಓಡುವ ಸರ್ವರ್ ಅದು. ಹುಡುಗ ಟರ್ಮಿನಲ್‌ನಲ್ಲಿ ಸುಮ್ನೆ ಕೇಳಿದ: ಇಲ್ಲಿ ಜಾಸ್ತಿ ಜಾಗ ತಿಂದಿರುವುದು ಯಾವುದು? ಎಐ ಫೈಲುಗಳ ಗಾತ್ರ ಹೇಳುವ ‘ಡಿಯು’ ಕಮಾಂಡಿಗೆ ಸಾರ್ಟ್ ಸೇರಿಸಿ ಚೆನ್ನಾಗಿ ಒಂದು ಸಾಲು ಕೊಟ್ಟಿತು. ಅರ್ಧ ನಿಮಿಷದಲ್ಲಿ 38 ಜಿಬಿಯ ಒಂದು ಲಾಗ್ ಫೈಲ್, ಅಂದರೆ ಪ್ರೋಗ್ರಾಂ ತಾನು ಮಾಡಿದ್ದನ್ನೆಲ್ಲ ಬರೆದಿಡುವ ಫೈಲ್, ಸಿಕ್ಕಿತು. ನಾನು ಕೈಯಾರೆ ಹುಡುಕಿದ್ದರೆ ಐದು ನಿಮಿಷವಾದರೂ ಆಗುತ್ತಿತ್ತು. ಇಲ್ಲಿಯವರೆಗೆ ಬಹಳ ಒಳ್ಳೆಯ ಕೆಲಸ.

ಇದನ್ನು ತೆಗೆಯುವುದು ಹೇಗೆ ಅಂತ ಕೇಳಿದ. ಫೈಲ್ ಅಳಿಸುವ ‘ಆರ್‌ಎಂ’ ಕಮಾಂಡ್ ಬಂತು. ಎಂಟರ್ ಒತ್ತಿದ. ಫೈಲ್ ಹೋಯಿತು. ಎಷ್ಟು ಜಾಗ ಖಾಲಿಯಾಯಿತು ಅಂತ ‘ಡಿಎಫ್’ ಹಾಕಿ ನೋಡಿದರೆ ಡಿಸ್ಕ್ ಇನ್ನೂ ನೂರಕ್ಕೆ ನೂರು ತುಂಬಿಯೇ ಇದೆ.

"ಎಂತ ಅಣ್ಣಾ ಇದು, ಫೈಲ್ ಇಲ್ಲ, ಜಾಗವೂ ಇಲ್ಲ!"

ಕಾರಣ ಹೀಗೆ. ಲಿನಕ್ಸ್‌ನಲ್ಲಿ ‘ಆರ್‌ಎಂ’ ಮಾಡುವುದು ಫೋಲ್ಡರ್‌ನಿಂದ ಫೈಲಿನ ಹೆಸರನ್ನು ತೆಗೆಯುವ ಕೆಲಸ. ಯಾವುದಾದರೂ ಪ್ರೋಗ್ರಾಂ ಆ ಫೈಲನ್ನು ತೆರೆದು ಹಿಡಿದುಕೊಂಡಿದ್ದರೆ, ಅದು ಬಿಡುವವರೆಗೆ ಡಿಸ್ಕಿನ ಜಾಗ ಬಿಡುಗಡೆಯಾಗುವುದಿಲ್ಲ. ನಮ್ಮ ಬಿಲ್ಲಿಂಗ್ ಪ್ರೋಗ್ರಾಂ ಆ ಲಾಗ್‌ಗೆ ಬರೆಯುತ್ತಲೇ ಇತ್ತು. ಹೆಸರಿಲ್ಲದ 38 ಜಿಬಿ ಹಾಗೇ ಕೂತಿತ್ತು. ಹುಡುಗ ಮತ್ತೆ ಕೇಳಿದ. ಎಐ ಈಗ ಕಾರಣವನ್ನು ಸರಿಯಾಗಿಯೇ ಹೇಳಿ, ಸರ್ವಿಸ್ ರೀಸ್ಟಾರ್ಟ್ ಮಾಡಿ ಅಂದಿತು. ಪುಸ್ತಕದ ಪ್ರಕಾರ ತಪ್ಪಿಲ್ಲ. ಆದರೆ ಆಗ ಗಂಟೆ ಏಳೂ ಮುಕ್ಕಾಲು. ಹೋಟೆಲಿನಲ್ಲಿ ರಾತ್ರಿ ಊಟದ ಹೊತ್ತು. ಪ್ರತಿ ಟೇಬಲ್‌ನಲ್ಲೂ ಬಿಲ್ ತೆರೆದಿದೆ. ಆಗ ರೀಸ್ಟಾರ್ಟ್ ಮಾಡುವುದು ಅಂದರೆ ಕೌಂಟರಿನಲ್ಲಿ ಕೂತವರನ್ನು ಕಷ್ಟಕ್ಕೆ ಸಿಕ್ಕಿಸುವುದು.

ನಾನು ಹೋಗಿ ‘ಎಲ್‌ಎಸ್‌ಒಎಫ್’ ಹಾಕಿ, ಆ ಫೈಲನ್ನು ಹಿಡಿದಿರುವ ಪ್ರೊಸೆಸ್ (ಓಡುತ್ತಿರುವ ಪ್ರೋಗ್ರಾಂ) ಯಾವುದು ಅಂತ ನೋಡಿ, ಪ್ರೊಸೆಸ್‌ಗಳ ವಿವರ ಇರುವ ‘ಪ್ರಾಕ್’ ಫೋಲ್ಡರ್ ಮೂಲಕ ಆ ತೆರೆದ ಫೈಲನ್ನೇ ಸೊನ್ನೆಗೆ ಇಳಿಸಿದೆ. ಜಾಗ ತಕ್ಷಣ ಬಿಟ್ಟುಕೊಂಡಿತು. ಬಿಲ್ಲಿಂಗ್ ನಿಲ್ಲಲಿಲ್ಲ.

ಮರುದಿನ ಬೆಳಿಗ್ಗೆ ಅದೇ ಎಐಗೆ ಅದೇ ಪ್ರಶ್ನೆಯನ್ನು ಇನ್ನೊಂದು ರೀತಿಯಲ್ಲಿ ಕೇಳಿದೆವು: ಓಡುತ್ತಿರುವ ಪ್ರೋಗ್ರಾಂ ಈ ಲಾಗ್‌ಗೆ ಬರೆಯುತ್ತಿದೆ, ಅದನ್ನು ನಿಲ್ಲಿಸುವ ಹಾಗಿಲ್ಲ, ಜಾಗ ಬೇಕು. ಮೊದಲ ಸಲವೇ ಸರಿಯಾದ ಉತ್ತರ ಬಂತು. ಫೈಲನ್ನು ಅಳಿಸಬೇಡಿ, ‘ಟ್ರಂಕೇಟ್’ ಮಾಡಿ (ಒಳಗಿರುವುದನ್ನು ಖಾಲಿ ಮಾಡಿ), ಮುಂದೆ ಹಳೆಯ ಲಾಗನ್ನು ಆಗಾಗ ತೆಗೆಯುವ ‘ಲಾಗ್‌ರೊಟೇಟ್’ ಹಾಕಿಕೊಳ್ಳಿ ಅಂತ. ಅಂದರೆ ಅದಕ್ಕೆ ಗೊತ್ತಿತ್ತು. ಹೇಳಬೇಕಾದದ್ದನ್ನು ನಾವು ಹೇಳಿರಲಿಲ್ಲ. ಆದರೆ ಏನು ಹೇಳಬೇಕು ಅಂತ ಗೊತ್ತಾಗಲು ತೆರೆದ ಫೈಲಿನ ಈ ಸಂಗತಿ ಮೊದಲೇ ಗೊತ್ತಿರಬೇಕು. ಊಟದ ಹೊತ್ತಿನಲ್ಲಿ ರೀಸ್ಟಾರ್ಟ್ ಮಾಡಬಾರದು ಅನ್ನುವುದು ಯಾವ ಮಾಡೆಲ್‌ಗೂ ಗೊತ್ತಿರುವುದಿಲ್ಲ, ಆ ಹೋಟೆಲನ್ನು ಬಲ್ಲವರಿಗೆ ಮಾತ್ರ ಗೊತ್ತು. ನನಗೆ ಈ ಒಂದು ಸಂಜೆ ಕಲಿಸಿದ್ದು ಹತ್ತು ರಿವ್ಯೂ ಓದಿದರೂ ಸಿಗುತ್ತಿರಲಿಲ್ಲ.

ಎಂಟರ್ ಒತ್ತುವ ಮುಂಚೆ ಓದಬೇಕು ಅಂತ ಎಲ್ಲರೂ ಹೇಳುತ್ತಾರೆ. ಓದುವುದು ಅಂದರೆ ಏನು ಅಂತ ಒಂದು ಉದಾಹರಣೆ ಕೊಡುತ್ತೇನೆ. ಫೈಲ್ ಹುಡುಕುವ ‘ಫೈಂಡ್’ ಕಮಾಂಡಿನಲ್ಲಿ ಷರತ್ತುಗಳನ್ನು ಎಡದಿಂದ ಬಲಕ್ಕೆ ನೋಡಲಾಗುತ್ತದೆ. ‘ಹೆಸರು ಲಾಗ್ ಅಂತ ಕೊನೆಯಾಗಬೇಕು’ ಅನ್ನುವ ಷರತ್ತು ಮೊದಲು, ‘ಡಿಲೀಟ್’ ಆಮೇಲೆ ಬಂದರೆ ಲಾಗ್ ಫೈಲುಗಳು ಮಾತ್ರ ಹೋಗುತ್ತವೆ. ‘ಡಿಲೀಟ್’ ಮೊದಲು ಬಂದರೆ ಆ ಫೋಲ್ಡರ್‌ನಲ್ಲಿರುವುದೆಲ್ಲ ಹೋಗುತ್ತದೆ. ಪದಗಳು ಅವೇ, ಜಾಗ ಮಾತ್ರ ಅದಲು ಬದಲು. ಕಣ್ಣಾಡಿಸಿದರೆ ಎರಡೂ ಒಂದೇ ಥರ ಕಾಣುತ್ತವೆ. ಅದಕ್ಕೇ ನಮ್ಮಲ್ಲಿ ಒಂದು ಅಭ್ಯಾಸ ಮಾಡಿಕೊಂಡಿದ್ದೇವೆ: ಎಐ ಕೊಟ್ಟಿರಲಿ, ನಾವೇ ಬರೆದಿರಲಿ, ಡಿಲೀಟ್ ಇರುವ ‘ಫೈಂಡ್’ ಅನ್ನು ಮೊದಲು ಡಿಲೀಟ್ ತೆಗೆದು ಓಡಿಸುತ್ತೇವೆ. ಯಾವ ಫೈಲುಗಳ ಹೆಸರು ಬರುತ್ತದೆ ಅಂತ ನೋಡಿ ಆಮೇಲೆ ಮುಂದಿನ ಹೆಜ್ಜೆ.

ತಪ್ಪು ಮಾಡಲು ಎಐ ಬೇಕಾಗಿಲ್ಲ ಅನ್ನುವುದೂ ನಿಜ. 2017ರ ಜನವರಿ 31ರ ರಾತ್ರಿ ಜನರ ಕೋಡ್ ಇಟ್ಟುಕೊಳ್ಳುವ ಸೇವೆಯಾದ ಗಿಟ್‌ಲ್ಯಾಬ್‌ನ ಒಬ್ಬ ಎಂಜಿನಿಯರ್ ಎರಡನೇ ಡೇಟಾಬೇಸ್ ಸರ್ವರ್‌ನಲ್ಲಿದ್ದೇನೆ ಅಂದುಕೊಂಡು ಮುಖ್ಯ ಸರ್ವರ್‌ನಲ್ಲಿ ‘ಆರ್‌ಎಂ’ ಹೊಡೆದರು. ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ 4.5 ಜಿಬಿ ಉಳಿದಿತ್ತು. ಆರು ಗಂಟೆ ಹಳೆಯ ಒಂದು ನಕಲಿನಿಂದ ವಾಪಸ್ ತಂದರು. ಆ ಆರು ಗಂಟೆಯ ಡೇಟಾ ಹೋಯಿತು. ಕಂಪನಿ ಇದನ್ನೆಲ್ಲ ಮುಚ್ಚಿಡದೆ ಬರೆದುಕೊಂಡಿತು, ಅದಕ್ಕೆ ನನಗೆ ಗೌರವ ಉಂಟು. ಆದರೆ ಕೈಯಾರೆ ಟೈಪ್ ಮಾಡುವ ಮನುಷ್ಯನಿಗೆ ಕ್ಷಣಕ್ಕೊಂದು ತಪ್ಪು ಮಾಡಲು ಆಗುವುದಿಲ್ಲ. ಬೆರಳಿಗೆ ಅಷ್ಟು ವೇಗ ಇಲ್ಲ. ಅನುಮತಿ ಕೇಳದೆ ಓಡುವ ಏಜೆಂಟ್‌ಗೆ ಆ ವೇಗ ಇದೆ. ಹಾಗಾಗಿ ಎಐ ತಾನೇ ಕಮಾಂಡ್ ಓಡಿಸಲು ಬಿಡಬೇಕಾ ಅನ್ನುವ ಮೂರನೇ ಪ್ರಶ್ನೆಗೆ ನನ್ನ ಉತ್ತರದಲ್ಲಿ ಅನುಮಾನ ಇಲ್ಲ: ಯಾರದ್ದಾದರೂ ಡೇಟಾ ಇರುವ ಯಂತ್ರದಲ್ಲಿ ತಾನಾಗಿ ಓಡಿಸುವ ಅನುಮತಿ ಕೊಡಬೇಡಿ. ನಿಮ್ಮ ಲ್ಯಾಪ್‌ಟಾಪಿನಲ್ಲಿ, ಗಿಟ್‌ಗೆ ಕಮಿಟ್ ಮಾಡಿದ (ಉಳಿಸಿಟ್ಟ) ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ, ಅದರಲ್ಲೂ ಉಳಿದ ಯಂತ್ರದಿಂದ ಬೇರ್ಪಡಿಸಿದ ಕಂಟೇನರ್ ಒಳಗೆ ಆದರೆ, ಧೈರ್ಯವಾಗಿ ಬಿಡಬಹುದು.

ಏಜೆಂಟ್‌ಗೆ ಇನ್ನೊಂದು ದೌರ್ಬಲ್ಯ ಇದೆ. ಅದು ಓದುವ ಎಲ್ಲವೂ ಅದಕ್ಕೆ ಪಠ್ಯವೇ. ನೀವು ಕೊಟ್ಟ ಅಪ್ಪಣೆ ಯಾವುದು, ಡೌನ್‌ಲೋಡ್ ಮಾಡಿದ ಪ್ರಾಜೆಕ್ಟಿನ ರೀಡ್‌ಮಿ (ಪರಿಚಯದ) ಫೈಲಿನಲ್ಲಿ ಬೇರೆ ಯಾರೋ ಬರೆದಿಟ್ಟ ಅಪ್ಪಣೆ ಯಾವುದು ಅಂತ ಅದು ಪ್ರತಿ ಸಲ ಖಚಿತವಾಗಿ ಬೇರ್ಪಡಿಸಲಾರದು. ‘ಈ ಗುಟ್ಟಿನ ಕೀಯನ್ನು ಆ ವಿಳಾಸಕ್ಕೆ ಕಳಿಸು’ ಅಂತ ಯಾರಾದರೂ ಅಡಗಿಸಿ ಬರೆದಿದ್ದರೆ ಅದನ್ನೂ ನಿಮ್ಮ ಮಾತು ಅಂದುಕೊಳ್ಳಬಹುದು. ಇದಕ್ಕೆ ಪ್ರಾಂಪ್ಟ್ ಇಂಜೆಕ್ಷನ್ ಅನ್ನುತ್ತಾರೆ.

ಏನು ಹೊರಗೆ ಹೋಗುತ್ತದೆ ಅನ್ನುವ ಪ್ರಶ್ನೆ ನಮ್ಮ ಕರಾವಳಿಯ ಸಣ್ಣ ಕಂಪನಿಗಳಿಗೆ ಬಹಳ ಮುಖ್ಯ. ಮಂಗಳೂರು, ಉಡುಪಿ, ಮಣಿಪಾಲದಲ್ಲಿ ಕೂತು ಬೇರೆ ಊರಿನ, ಬೇರೆ ದೇಶದ ಕ್ಲೈಂಟ್‌ಗಳಿಗೆ ಕೆಲಸ ಮಾಡುವವರು ನಮ್ಮಲ್ಲಿ ಜಾಸ್ತಿ. ಟರ್ಮಿನಲ್ ಪರದೆಯ ಮೇಲೆ ಎಷ್ಟೋ ಸಲ ಡೇಟಾಬೇಸ್ ಪಾಸ್‌ವರ್ಡ್, ಎಪಿಐ ಕೀ (ಹೊರಗಿನ ಸೇವೆ ಬಳಸಲು ಬೇಕಾದ ಗುಟ್ಟಿನ ಸಂಕೇತ), ಗ್ರಾಹಕರ ಫೋನ್ ನಂಬರ್ ಬಂದು ಹೋಗುತ್ತದೆ. ‘ಈ ಎರರ್ ಏನು ನೋಡು’ ಅಂದಾಗ ಅದೆಲ್ಲ ಜೊತೆಗೆ ಹೋಗುವ ಸಾಧ್ಯತೆ ಇದೆ. ಗುಟ್ಟಿನ ಮಾಹಿತಿಯನ್ನು ಗುರುತಿಸಿ ಮುಚ್ಚುವ ಸೌಲಭ್ಯ ಕೆಲವುದರಲ್ಲಿ ಇದೆ, ಅದು ಎಲ್ಲವನ್ನೂ ಹಿಡಿಯುತ್ತದೆ ಅಂತ ನಂಬಿ ಕೂರಬಾರದು. ಕ್ಲೈಂಟಿನ ಒಪ್ಪಂದ ತೆಗೆದು ಓದಿ. ಹೊರಗಿನ ಸೇವೆಗೆ ಕೋಡ್ ಕಳಿಸಬಾರದು ಅಂತ ಅದರಲ್ಲಿ ಇದ್ದರೆ ಮಾತು ಅಲ್ಲಿಗೆ ಮುಗಿಯಿತು. 2023ರ ನಮ್ಮ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯೂ ಗ್ರಾಹಕರ ಮಾಹಿತಿಯನ್ನು ಕಾಪಾಡುವ ಹೊಣೆಯನ್ನು ಕಂಪನಿಯ ಮೇಲೆ ಹಾಕುತ್ತದೆ.

ಡೆವಲಪರ್‌ಗಳು ಈ ವಿಷಯದಲ್ಲಿ ದನಿ ಎತ್ತಿದಾಗ ಫಲ ಸಿಕ್ಕಿದೆ. ವಾರ್ಪ್ ಬಳಸಲು ಮೊದಲು ಲಾಗಿನ್ ಆಗಲೇಬೇಕಿತ್ತು. ಟರ್ಮಿನಲ್ ತೆರೆಯಲು ಖಾತೆ ಯಾಕೆ ಅಂತ ಜನ ಕೇಳುತ್ತಲೇ ಇದ್ದರು, 2024ರ ಕೊನೆಯ ಹೊತ್ತಿಗೆ ಅದನ್ನು ತೆಗೆದರು. ಅದೇ ವರ್ಷ ಮ್ಯಾಕ್‌ನ ಟರ್ಮಿನಲ್ ಆದ ಐಟರ್ಮ್2ಗೆ ಎಐ ಸೇರಿಸಿದಾಗಲೂ ವಿರೋಧ ಬಂತು. ಅದು ಮೊದಲಿಂದಲೂ ಆಫ್ ಇದ್ದ, ಬಳಕೆದಾರರೇ ತಮ್ಮ ಕೀ ಹಾಕಬೇಕಿದ್ದ ಸೌಲಭ್ಯ. ಆದರೂ ಕೊನೆಗೆ ಅದನ್ನು ಬೇರೆ ಪ್ಲಗಿನ್ ಮಾಡಿದರು, ಬೇಕಾದವರು ಮಾತ್ರ ಹಾಕಿಕೊಳ್ಳುವ ಹಾಗೆ. ಇದು ಸರಿಯಾದ ದಾರಿ ಅಂತ ನನ್ನ ಅಭಿಪ್ರಾಯ.

ಏನನ್ನೂ ಹೊರಗೆ ಕಳಿಸಬಾರದು, ಆದರೆ ಸಹಾಯ ಬೇಕು ಅನ್ನುವವರಿಗೆ ಒಲ್ಲಾಮಾದಂಥ ಸಾಧನ ಇದೆ. ಸಣ್ಣ ಮಾಡೆಲ್ ಒಂದನ್ನು ನಿಮ್ಮ ಯಂತ್ರದಲ್ಲೇ ಓಡಿಸಬಹುದು. ದೊಡ್ಡ ಮಾಡೆಲ್‌ಗಳ ಜಾಣತನ ಇರುವುದಿಲ್ಲ, ಮೆಮೊರಿಯೂ ಚೆನ್ನಾಗಿರಬೇಕು. ಆದರೆ ‘ಟಾರ್ ಫೈಲ್ (ಹಲವು ಫೈಲುಗಳ ಗಂಟು) ಬಿಚ್ಚುವುದು ಹೇಗೆ’ ಅನ್ನುವಂಥ ಪ್ರಶ್ನೆಗಳಿಗೆ ಸಾಕು. ಮಳೆಗಾಲದಲ್ಲಿ ನೆಟ್ ಹೋದಾಗ ನಮಗೆ ಇದು ಎಷ್ಟೋ ಸಲ ಕೈಹಿಡಿದಿದೆ. ನೆಟ್ ಇಲ್ಲದಿದ್ದರೆ ಹೊರಗಿನ ಎಐ ಮಾತೇ ಆಡುವುದಿಲ್ಲ, ಇಂಥದ್ದೊಂದೂ ಇಲ್ಲದಿದ್ದರೆ ಆಗ ಮ್ಯಾನ್ ಪೇಜ್ (ಕಮಾಂಡಿನ ಕೈಪಿಡಿ) ಓದಲು ಬರುವವರ ಕೆಲಸ ಮಾತ್ರ ನಡೆಯುತ್ತದೆ.

ಕನ್ನಡದ ವಿಷಯ ಹೇಳದೆ ಮುಂದೆ ಹೋಗಲು ಮನಸ್ಸು ಒಪ್ಪುವುದಿಲ್ಲ. ಈಗಿನ ಎಐಗಳಿಗೆ ಕನ್ನಡ ಅರ್ಥವಾಗುತ್ತದೆ. ‘ಈ ಫೋಲ್ಡರ್‌ನಲ್ಲಿ ನಿನ್ನೆ ಬದಲಾದ ಫೈಲುಗಳನ್ನು ತೋರಿಸು’ ಅಂತ ಕೇಳಿದರೆ ಸರಿಯಾದ ಕಮಾಂಡ್ ಬರುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಕುಟ್ಟಿದರೂ ಬರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗ ಹುಡುಗಿಯರು ಕಪ್ಪು ಕಿಟಕಿ ಕಂಡು ಹಿಂಜರಿಯುವುದನ್ನು ನಾನು ನೋಡಿದ್ದೇನೆ. ಪ್ರಶ್ನೆಯನ್ನು ಸ್ವಂತ ಭಾಷೆಯಲ್ಲಿ ಕೇಳಬಹುದು ಅನ್ನುವುದು ಅವರಿಗೆ ದೊಡ್ಡ ಬಾಗಿಲು. ತೊಂದರೆ ಇರುವುದು ಟೇಬಲ್‌ನಲ್ಲಿ. ವಿಟಿ100 ಕಾಲದ ‘ಒಂದು ಚೌಕಕ್ಕೆ ಒಂದು ಅಕ್ಷರ’ ಎಂಬ ಲೆಕ್ಕ ನಮ್ಮ ಲಿಪಿಗೆ ಹೊಂದುವುದಿಲ್ಲ. ‘ಕೃಷ್ಣ’ ಅಂತ ಬರೆಯಿರಿ. ನಮಗೆ ಅದು ಎರಡು ಅಕ್ಷರ. ಕಂಪ್ಯೂಟರಿಗೆ ಐದು ಸಂಕೇತ: ಕ, ಋ ಸ್ವರದ ಚಿಹ್ನೆ, ಷ, ಹಲಂತದ ಚಿಹ್ನೆ, ಣ. ಇದಕ್ಕೆ ಎಷ್ಟು ಚೌಕ ಕೊಡಬೇಕು ಅನ್ನುವುದರಲ್ಲಿ ಟರ್ಮಿನಲ್ ಒಂದು ಲೆಕ್ಕ ಹಾಕಿದರೆ ಫಾಂಟ್ ಇನ್ನೊಂದು ಹಾಕುತ್ತದೆ. ಒತ್ತಕ್ಷರ ಬಿಡಿಬಿಡಿಯಾಗಿ ಕಾಣುತ್ತದೆ, ಕರ್ಸರ್ ಎಲ್ಲೋ ನಿಲ್ಲುತ್ತದೆ. ಹೊಸ ಟರ್ಮಿನಲ್ ಆರಿಸುವಾಗ ನಾನು ಮೊದಲು ಮಾಡುವ ಪರೀಕ್ಷೆ ಇದೇ: ಎರಡು ಸಾಲು ಕನ್ನಡ ಅಂಟಿಸಿ ನೋಡುವುದು. ಇನ್ನೊಂದು ಮಾತು, ಕನ್ನಡ ಲಿಪಿಯ ವಾಕ್ಯ ಮಾಡೆಲ್ ಒಳಗೆ ಇಂಗ್ಲಿಷಿಗಿಂತ ಜಾಸ್ತಿ ಟೋಕನ್‌ಗಳಾಗಿ (ಮಾಡೆಲ್ ಲೆಕ್ಕ ಹಾಕುವ ಚೂರುಗಳಾಗಿ) ಒಡೆಯುತ್ತದೆ. ಬಳಕೆಗೆ ಮಿತಿ ಇರುವ ಪ್ಲಾನ್‌ನಲ್ಲಿ ಅದು ಬೇಗ ಖರ್ಚಾಗುತ್ತದೆ.

ಹಾಗಾದರೆ ಯಾರು ಬದಲಾಗಬೇಕು? ಹತ್ತು ವರ್ಷದಿಂದ ಟಿಮಕ್ಸ್, ವಿಮ್‌ನಂಥ ಟರ್ಮಿನಲ್ ಒಳಗಿನ ಸಾಧನಗಳಲ್ಲಿ ಬೆರಳು ಪಳಗಿದವರು ಟರ್ಮಿನಲ್ ಬದಲಿಸುವ ಅಗತ್ಯ ನನಗೆ ಕಾಣುವುದಿಲ್ಲ. ಇರುವ ಜಾಗದಲ್ಲೇ ಒಂದು ಎಐ ಪ್ರೋಗ್ರಾಂ ಹಾಕಿಕೊಂಡರೆ ಸಾಕು. ವಾರಕ್ಕೆ ಎರಡು ಸಲ ಮಾತ್ರ ಟರ್ಮಿನಲ್ ತೆರೆಯುವ ಫ್ರಂಟ್‌ಎಂಡ್‌ನವರು, ಟೆಸ್ಟಿಂಗ್‌ನವರು ಖಂಡಿತ ಬದಲಾಗಲಿ. ವಿಡಿಯೊ ಪರಿವರ್ತಿಸುವ ಎಫ್‌ಎಫ್‌ಎಂಪೆಗ್‌ನ ಆಪ್ಷನ್‌ಗಳನ್ನು ನೆನಪಿಟ್ಟುಕೊಳ್ಳುವುದು ಅವರ ಕೆಲಸ ಅಲ್ಲ. ಹೊಸದಾಗಿ ಕಲಿಯುವವರ ಬಗ್ಗೆ ಮಾತ್ರ ನನಗೆ ಕಾಳಜಿ ಜಾಸ್ತಿ. ಎಐಯಿಂದ ಕಮಾಂಡ್ ಬರೆಸಿಕೊಳ್ಳುವುದಕ್ಕಿಂತ ಇರುವ ಕಮಾಂಡನ್ನು ಬಿಡಿಸಿ ಹೇಳಿಸಿಕೊಳ್ಳುವುದು ಅವರಿಗೆ ಹೆಚ್ಚು ಉಪಯೋಗ. ಪೈಪ್ ಅಂದರೆ ಏನು, ಪರ್ಮಿಷನ್ ಅಂದರೆ ಏನು, ಪ್ರೊಸೆಸ್ ಅಂದರೆ ಏನು ಅಂತ ಕೈಯಿಂದಲೇ ಟೈಪ್ ಮಾಡಿ ಕಲಿಯಲು ಮೂರು ತಿಂಗಳು ಕೊಡಲಿ.

ನಮ್ಮ ಹುಡುಗ ಆ ಟರ್ಮಿನಲನ್ನು ಇಟ್ಟುಕೊಂಡಿದ್ದಾನೆ. ಅದರಲ್ಲಿ ಮೂರು ಬದಲಾವಣೆ ಮಾಡಿದ. ಬಳಕೆಯ ಮಾಹಿತಿ ಕಳಿಸುವ ಟೆಲಿಮೆಟ್ರಿ ಆಫ್. ತಾನಾಗಿ ಓಡಿಸುವ ಅನುಮತಿ ಆಫ್. ಮತ್ತೆ, ಕ್ಲೈಂಟ್ ಸರ್ವರ್‌ಗೆ ಎಸ್‌ಎಸ್‌ಎಚ್ ಮಾಡಲು (ದೂರದಿಂದ ಒಳಗೆ ಹೋಗಲು) ಎಐ ಇಲ್ಲದ ಬೇರೆಯೇ ಟರ್ಮಿನಲ್. ಆ ಸರ್ವರ್‌ಗಳ ಪ್ರಾಂಪ್ಟ್‌ಗೆ, ಅಂದರೆ ಟೈಪ್ ಮಾಡುವ ಸಾಲಿನ ಮೊದಲಿಗೆ ಕಾಣುವ ಬರಹಕ್ಕೆ, ಕೆಂಪು ಬಣ್ಣ ಹಾಕಿ ಯಂತ್ರದ ಹೆಸರು ದಪ್ಪಗೆ ಕಾಣುವ ಹಾಗೆ ಮಾಡಿದ್ದಾನೆ. ಅಲ್ಲಿ ಕಮಾಂಡ್ ಬೇಕಾದರೆ ಪಕ್ಕದ ಕಿಟಕಿಯಲ್ಲಿ ಎಐಗೆ ಕೇಳುತ್ತಾನೆ, ಬಂದದ್ದನ್ನು ಓದುತ್ತಾನೆ, ಆಮೇಲೆ ಕೆಂಪು ಕಿಟಕಿಯಲ್ಲಿ ತಾನೇ ಟೈಪ್ ಮಾಡುತ್ತಾನೆ. ಕಾಪಿ ಪೇಸ್ಟ್ ಮಾಡುವುದಿಲ್ಲ. ಟೈಪ್ ಮಾಡುತ್ತಾ ಹೋದರೆ ಒಂದೊಂದು ಪದವೂ ಕಣ್ಣಿಗೆ ಬೀಳುತ್ತದೆ ಅಂತ ಅವನೇ ಕಂಡುಕೊಂಡ ಉಪಾಯ ಅದು. ಈಗ ನಾನೂ ಹಾಗೇ ಮಾಡುತ್ತಿದ್ದೇನೆ.